ದುಡಿಯ ನಾದದಿಂದ ಬಂದ ಕವಿ – ನಡಿಕೇರಿಯಂಡ ಚಿಣ್ಣಪ್ಪ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ಗುರುಗಳು ಕೇಳಿದಾಗ, ನಾನು ಕಂಪ್ಯೂಟರ್ ಬಗ್ಗೆ ಬರೆಯುವೆನೆಂದು ಗೆಳೆಯರು ಎಣಿಸಿದ್ದರು. ನನಗೆ ನೆನಪಾದವರು ನಡಿಕೇರಿಯಂಡ ಚಿಣ್ಣಪ್ಪನವರು. ಕೊಡವ ಸಮಾರಂಭಗಳಲ್ಲಿ ನಾವೆಲ್ಲ ಎದ್ದು ನಿಂತು ಕೇಳುವ ‘ಶ್ರೀ ಮೂಲ ಕನ್ನಿಯೇ’ ಗೀತೆಯನ್ನು ರಚಿಸಿದವರು ಅವರು. ಹಾಡು ಎಲ್ಲರಿಗೂ ಗೊತ್ತು, ಬರೆದವರ ಬದುಕು ತಿಳಿದವರು ಕಡಿಮೆ.

ಚಿಣ್ಣಪ್ಪನವರು ಹುಟ್ಟಿದ್ದು 1875ರಲ್ಲಿ. ಸೈನ್ಯದಲ್ಲಿದ್ದರು, ಶಿಕ್ಷಕರಾಗಿದ್ದರು, ಮುಂದೆ ಪೊಲೀಸ್ ಅಧಿಕಾರಿಯಾದರು. ಆದರೆ ಅವರನ್ನು ಕವಿಯಾಗಿಸಿದ್ದು ದುಡಿಕೊಟ್ಟ್ ಪಾಟ್. ನಾಲ್ವರು ಹಾಡುಗಾರರು, ಒಬ್ಬೊಬ್ಬರ ಕೈಯಲ್ಲೂ ಒಂದು ಪುಟ್ಟ ದುಡಿ. ಇಬ್ಬರು ಒಂದು ಸಾಲು ಎತ್ತಿದರೆ ಉಳಿದಿಬ್ಬರು ಅದನ್ನು ಮುಂದುವರಿಸುತ್ತಾರೆ. ಮದುವೆಗೊಂದು ಪಾಟ್, ಸಾವಿಗೊಂದು ಪಾಟ್, ದೇವರಿಗೊಂದು ಪಾಟ್. ಹುತ್ತರಿಯಲ್ಲಿ ಮನೆಮನೆಗೆ ಹೋಗಿ ಹಾಡುವುದು ಮನೆಪಾಟ್.

ಆಗ ಇವೆಲ್ಲ ಹಿರಿಯರ ಬಾಯಲ್ಲಿ ಮಾತ್ರ ಇದ್ದವು. ಒಬ್ಬ ಹಾಡುಗಾರ ತೀರಿಕೊಂಡರೆ ಅವನೊಂದಿಗೆ ಹತ್ತಾರು ಹಾಡುಗಳೂ ಮಣ್ಣಾಗುತ್ತಿದ್ದವು. ಚಿಣ್ಣಪ್ಪನವರು ಅವನ್ನು ಕೇಳಿ, ಕೊಡವ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡರು. ಹಾಡುಗಳ ಜೊತೆಗೆ ಗಾದೆ, ಒಗಟು, ಹಬ್ಬ, ಮದುವೆ ಮತ್ತು ಸಾವಿನ ಕಟ್ಟುಪಾಡುಗಳನ್ನೂ ಸೇರಿಸಿದರು. 1924ರಲ್ಲಿ ಅದು ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಯಿತು. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ಹಾಡುಗಳೇ.

ಅದೇ ಕಾಲದಲ್ಲಿ ಹರದಾಸ ಅಪ್ಪಚ್ಚ ಕವಿಗಳು ಹರಿಕಥೆ ಮತ್ತು ನಾಟಕದ ಸಂಗೀತವನ್ನು ಕೊಡವ ಭಾಷೆಗೆ ತಂದರು. ಚಿಣ್ಣಪ್ಪನವರು ಮನೆಯಂಗಳದ ದುಡಿಯ ದಾರಿ ಹಿಡಿದರು. ಭಗವದ್ಗೀತೆಯನ್ನು ಕೊಡವ ಭಾಷೆಗೆ ತಂದಾಗಲೂ ಅದನ್ನು ಪಾಟ್ ಎಂದೇ ಕರೆದರು. 1931ರಲ್ಲಿ ಅವರು ತೀರಿಕೊಂಡರು. ಅವರ ಮೊಮ್ಮಕ್ಕಳು ಮುಂದೆ ಪಟ್ಟೋಲೆ ಪಳಮೆಯನ್ನು ಇಂಗ್ಲಿಷಿಗೆ ಅನುವಾದಿಸಿದರು.

ಬಿ.ಇ. ಓದುವಾಗ ನಮ್ಮ ಹಾಸ್ಟೆಲ್ಲಿನಲ್ಲಿ ರಾಕ್ ಸಂಗೀತದ ಹುಚ್ಚು ಜೋರಾಗಿತ್ತು. ಬಾಬ್ ಡಿಲನ್ ಕೂಡ ವುಡಿ ಗತ್ರಿಯ ಜನಪದ ಹಾಡುಗಳನ್ನು ಹಾಡಿಯೇ ಬೆಳೆದವನೆಂದು ಆಗ ತಿಳಿಯಿತು. ನಮ್ಮೂರಲ್ಲೂ ಅಂಥವರೊಬ್ಬರಿದ್ದರೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಕಳೆದ ಹುತ್ತರಿಗೆ ಊರಿಗೆ ಬಂದಿದ್ದೆ. ಮನೆಪಾಟ್‌ಗೆ ಮೂವರೇ ಸಿಕ್ಕರು. ನಾಲ್ಕನೆಯವನಾಗಿ ನಿಲ್ಲು ಎಂದು ದೊಡ್ಡಪ್ಪ ನನ್ನ ಕೈಗೆ ದುಡಿ ಕೊಟ್ಟರು. ಹಾಡಿನ ಪದಗಳು ನನ್ನ ಮೊಬೈಲಿನಲ್ಲಿದ್ದವು. ಆದರೂ ಎರಡು ಸಾಲು ದಾಟುವುದರೊಳಗೆ ಪೆಟ್ಟು ತಪ್ಪಿತು, ಹಾಡು ನಿಂತಿತು. ಯಾರೂ ಬೈಯಲಿಲ್ಲ. ದೊಡ್ಡಪ್ಪ ಮೆಲ್ಲನೆ ದುಡಿ ವಾಪಸ್ ತೆಗೆದುಕೊಂಡರು.

ಚಿಣ್ಣಪ್ಪನವರು ಪದಗಳನ್ನು ಉಳಿಸಿಕೊಟ್ಟರು. ದುಡಿಯ ಪೆಟ್ಟನ್ನೂ ಧಾಟಿಯನ್ನೂ ಯಾವ ಪುಸ್ತಕದಲ್ಲಿಯೂ ಬರೆದಿಡಲಾಗದು, ಪಕ್ಕದಲ್ಲಿ ನಿಂತೇ ಕಲಿಯಬೇಕು. ನಮ್ಮ ಶಾಲೆಯಲ್ಲಿ ವಾರಕ್ಕೊಂದು ದಿನ ಊರಿನ ಹಿರಿಯರನ್ನು ಕರೆಸಿ ಮಕ್ಕಳ ಕೈಗೆ ದುಡಿ ಕೊಡಿಸುವುದಾದರೆ, ಮೊದಲ ನಾಲ್ಕು ದುಡಿಗಳು ನನ್ನ ಲೆಕ್ಕದಲ್ಲಿರಲಿ. ರಜೆಗೆ ಬಂದಾಗ ನಾನೂ ಮಕ್ಕಳ ಸಾಲಿನಲ್ಲಿ ಕುಳಿತು ಕಲಿಯುತ್ತೇನೆ.