ಇನ್ನೊಬ್ಬ ರಾಮಾನುಜಂ

ಮದ್ದೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ ನಡೆಯುತ್ತಿದ್ದಾಗ ಡಿಸೆಂಬರ್ 22ರ ರಾಷ್ಟ್ರೀಯ ಗಣಿತ ದಿನ ಬಂತು. ಗಣಿತಜ್ಞರೊಬ್ಬರ ಜೀವನ ಪರಿಚಯ ಮಾಡಿಕೊಡುವ ಸರದಿ ನನ್ನದು. ಶ್ರೀನಿವಾಸ ರಾಮಾನುಜನ್ ಅವರ ಕತೆ ಮಕ್ಕಳಿಗೆ ಆಗಲೇ ಬಾಯಿಪಾಠವಾಗಿತ್ತು. 1729ರ ಟ್ಯಾಕ್ಸಿಯ ಪ್ರಸಂಗವನ್ನು ನನಗಿಂತ ಚೆನ್ನಾಗಿ ಅವರೇ ಹೇಳುತ್ತಿದ್ದರು. ಹಾಗಾಗಿ ಅದೇ ಹೆಸರಿನ ಇನ್ನೊಬ್ಬರನ್ನು ಆರಿಸಿಕೊಂಡೆ. ಮೇಲುಕೋಟೆ, ತೊಣ್ಣೂರುಗಳಿರುವ ನಮ್ಮ ಜಿಲ್ಲೆಗೆ ರಾಮಾನುಜ ಎಂಬ ಹೆಸರು ಹೊಸದಲ್ಲ. ಆದರೆ ಬೆಂಗಳೂರಿನಲ್ಲಿ 36ನೇ ವಯಸ್ಸಿಗೆ ತೀರಿಕೊಂಡ ಗಣಿತಜ್ಞ ಸಿ.ಪಿ. ರಾಮಾನುಜಂ ಅವರ ಹೆಸರನ್ನು ಆ ಶಾಲೆಯಲ್ಲಿ ಯಾರೂ ಕೇಳಿರಲಿಲ್ಲ.

ಅವರನ್ನು ಆರಿಸಿಕೊಳ್ಳಲು ಮನೆಯ ಕಾರಣವೊಂದಿತ್ತು. ಮಳವಳ್ಳಿ ಕಡೆಯ ನನ್ನ ದೊಡ್ಡಪ್ಪನ ಮಗ ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದ ಅಣ್ಣ. ಕೆಲವು ವರ್ಷಗಳ ಹಿಂದೆ, ಹೆಚ್ಚೂಕಡಿಮೆ ಒಂದೇ ವಾರದಲ್ಲಿ, ಅವನಲ್ಲಿ ಒಂದು ನಂಬಿಕೆ ಬೇರೂರಿತು. ಪಕ್ಕದ ಮನೆಯವರು ನಮ್ಮ ಬೋರ್‌ವೆಲ್ ನೀರಿಗೆ ಏನೋ ಬೆರೆಸುತ್ತಿದ್ದಾರೆ ಎಂದ. ನೀರು ಬಿಟ್ಟ, ಆಮೇಲೆ ಊಟ ಬಿಟ್ಟ. ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಆ ನೀರನ್ನು ಬಾಟಲಿಯಲ್ಲಿ ಕಾಲೇಜಿಗೆ ಒಯ್ದು ಪರೀಕ್ಷೆ ಮಾಡಿ, ಅಂಕಿಗಳನ್ನು ಬರೆದುಕೊಂಡು ಬಂದು ಅವನ ಮುಂದಿಟ್ಟೆ. ಅವನು ಹಾಳೆ ನೋಡಿ, ನಾನೂ ಅವರ ಕಡೆ ಸೇರಿಬಿಟ್ಟಿದ್ದೇನೆ ಎಂದು ತೀರ್ಮಾನಿಸಿದ. ಮತ್ತೆ ನನ್ನ ಹತ್ತಿರ ಮಾತಾಡಲಿಲ್ಲ. ಇಷ್ಟು ಬುದ್ಧಿವಂತನಿಗೆ ಇಷ್ಟು ಸಣ್ಣ ವಿಷಯ ಏಕೆ ಅರ್ಥವಾಗುವುದಿಲ್ಲ ಎಂದು ನಾನು ಸಿಟ್ಟಾದೆ. ಆ ಸಿಟ್ಟು ಎಷ್ಟು ತಪ್ಪಾಗಿತ್ತೆಂಬುದು ರಾಮಾನುಜಂ ಅವರ ಜೀವನವನ್ನು ಓದಿದಾಗ ನನಗೆ ತಿಳಿಯಿತು.

ಚಕ್ರವರ್ತಿ ಪದ್ಮನಾಭನ್ ರಾಮಾನುಜಂ ಹುಟ್ಟಿದ್ದು 1938ರ ಜನವರಿ 9ರಂದು, ಮದ್ರಾಸಿನಲ್ಲಿ. ತಂದೆ ಮದ್ರಾಸ್ ಹೈಕೋರ್ಟಿನಲ್ಲಿ ವಕೀಲರು. ಹುಡುಗನಿಗೆ ಗಣಿತದ ಜೊತೆ ರಸಾಯನಶಾಸ್ತ್ರದ ಹುಚ್ಚೂ ಇತ್ತು. ಮನೆಯಲ್ಲೇ ಪುಟ್ಟ ಪ್ರಯೋಗಾಲಯ ಮಾಡಿಕೊಂಡಿದ್ದ. ಮುಂದೆ ಲಯೋಲಾ ಕಾಲೇಜು ಸೇರಿದಾಗ ಅಲ್ಲಿ ಫಾದರ್ ರಸೀನ್ ಎಂಬ ಫ್ರೆಂಚ್ ಪಾದ್ರಿ ಗಣಿತದ ಅಧ್ಯಾಪಕರಾಗಿದ್ದರು. ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ಕಲಿಸದೆ, ಯುರೋಪಿನಲ್ಲಿ ಆಗ ಬೆಳೆಯುತ್ತಿದ್ದ ಹೊಸ ಗಣಿತವನ್ನೂ ಮಕ್ಕಳ ಮುಂದಿಡುತ್ತಿದ್ದ ಮೇಷ್ಟ್ರು ಅವರು. ಈ ಹುಡುಗನಲ್ಲಿ ಸ್ವಂತ ಯೋಚನೆ ಇದೆಯೆಂದು ಗುರುತಿಸಿ, ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋಗಲು ಪ್ರೋತ್ಸಾಹಿಸಿದರು. 1957ರಲ್ಲಿ, 19ನೇ ವಯಸ್ಸಿನಲ್ಲಿ, ರಾಮಾನುಜಂ ಅಲ್ಲಿಗೆ ಸೇರಿದರು.

ಮೊದಲ ವರ್ಷಗಳು ಸುಲಭವಾಗಿರಲಿಲ್ಲ. ಓದಿದ್ದೆಲ್ಲ ಆಳವಾಗಿ ತಲೆಗೆ ಹೋಗುತ್ತಿತ್ತು, ಆದರೆ ಸ್ವಂತ ಫಲಿತಾಂಶ ಬರುತ್ತಿರಲಿಲ್ಲ. ತಾನು ಸಂಶೋಧನೆಗೆ ಲಾಯಕ್ಕಿಲ್ಲವೆಂದುಕೊಂಡು ಬೇರೆ ಕಡೆ ಪಾಠ ಹೇಳುವ ಕೆಲಸ ಹುಡುಕಿದರು. ಹಿರಿಯರು ತಡೆದು ನಿಲ್ಲಿಸಿಕೊಂಡರು. ಆಮೇಲೆ ಕೆ.ಜಿ. ರಾಮನಾಥನ್ ಅವರ ಮಾರ್ಗದರ್ಶನದಲ್ಲಿ ಸಂಖ್ಯಾ ಸಿದ್ಧಾಂತದ ಎರಡು ಕಠಿಣ ಸಮಸ್ಯೆಗಳನ್ನು ಹಿಡಿದರು.

ಒಂದು ವಾರಿಂಗ್ ಸಮಸ್ಯೆಗೆ ಸಂಬಂಧಿಸಿದ್ದು. ಇದರ ಮೊದಲ ಮೆಟ್ಟಿಲನ್ನು ಎಂಟನೇ ತರಗತಿಯವರೂ ಹತ್ತಬಹುದು. ಯಾವುದೇ ಧನ ಪೂರ್ಣಾಂಕವನ್ನು ಹೆಚ್ಚೆಂದರೆ 4 ವರ್ಗಸಂಖ್ಯೆಗಳ ಮೊತ್ತವಾಗಿ ಬರೆಯಬಹುದು. 7 ಎಂದರೆ 4+1+1+1. ಘನಸಂಖ್ಯೆಗಳಾದರೆ ಹೆಚ್ಚೆಂದರೆ 9 ಬೇಕು. ಮಕ್ಕಳಿಗೆ 23 ಕೊಟ್ಟು ನೋಡಿ: ಎರಡು 8, ಏಳು 1, ಒಟ್ಟು ಒಂಬತ್ತು ಘನಗಳು, ಅದಕ್ಕಿಂತ ಕಡಿಮೆಗೆ ಬರುವುದಿಲ್ಲ. ಇದೇ ಪ್ರಶ್ನೆಯನ್ನು ಪೂರ್ಣಾಂಕಗಳಾಚೆಗಿನ ಸಂಖ್ಯಾ ಕ್ಷೇತ್ರಗಳಲ್ಲಿ ಕೇಳಿದವರು ಜರ್ಮನಿಯ ಕಾರ್ಲ್ ಲುಡ್ವಿಗ್ ಸೀಗಲ್. ಅದಕ್ಕೆ ಉತ್ತರ ಹುಡುಕುವಲ್ಲಿ ರಾಮಾನುಜಂ ಅವರದು ಮುಖ್ಯ ಪಾಲು. ಇನ್ನೊಂದು ಸಮಸ್ಯೆ ಮೂರನೇ ಘಾತದ ಸಮಘಾತೀಯ ಸಮೀಕರಣಗಳದ್ದು. ಎಲ್ಲ ಚರಾಕ್ಷರಗಳಿಗೂ ಸೊನ್ನೆ ಕೊಡುವ ಸುಲಭದ ಪರಿಹಾರವನ್ನು ಬಿಟ್ಟು, ಬೇರೊಂದು ಪರಿಹಾರ ಇದ್ದೇ ಇರಬೇಕಾದರೆ ಎಷ್ಟು ಚರಾಕ್ಷರಗಳು ಸಾಕು? ಯಾವುದೇ ಬೀಜೀಯ ಸಂಖ್ಯಾ ಕ್ಷೇತ್ರದಲ್ಲೂ 54 ಸಾಕೆಂದು 1963ರಲ್ಲಿ ಅವರು ತೋರಿಸಿದರು. ಲಾಯಕ್ಕಿಲ್ಲ ಎಂದುಕೊಂಡಿದ್ದವರಿಗೆ ಆಗ 25 ವರ್ಷ.

1964ರಲ್ಲಿ ಕಾಯಿಲೆ ಬಂತು. ತೀವ್ರ ಖಿನ್ನತೆಯ ಜೊತೆಗೆ ಸ್ಕಿಜೋಫ್ರೇನಿಯಾ ಇದೆಯೆಂದು ವೈದ್ಯರು ಗುರುತಿಸಿದರು.

ಇಲ್ಲಿ ಒಂದು ನಿಮಿಷ ನಿಂತು ಈ ಕಾಯಿಲೆಯನ್ನು ತಿಳಿದುಕೊಳ್ಳೋಣ. ಇದು ಸೈಕೋಸಿಸ್ ಎಂಬ ಗುಂಪಿಗೆ ಸೇರಿದ್ದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 300 ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದೆ. ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರಿಂದ ಮೂವತ್ತರ ನಡುವೆ ಕಾಣಿಸಿಕೊಳ್ಳುತ್ತದೆ. ಯಾರೂ ಇಲ್ಲದಾಗ ದನಿ ಕೇಳಿಸುವುದು ಒಂದು ಲಕ್ಷಣ. ಇನ್ನೊಂದು, ಗಟ್ಟಿಯಾದ ತಪ್ಪು ನಂಬಿಕೆ: ಯಾರೋ ಹಿಂಬಾಲಿಸುತ್ತಿದ್ದಾರೆ, ವಿಷ ಹಾಕುತ್ತಿದ್ದಾರೆ, ಟಿ.ವಿ.ಯವರು ನನ್ನ ಬಗ್ಗೆಯೇ ಹೇಳುತ್ತಿದ್ದಾರೆ. ಇದು ಸಾಮಾನ್ಯ ತಪ್ಪು ತಿಳಿವಳಿಕೆಯಂತಲ್ಲ. ವಿದ್ಯಾರ್ಥಿ ಲೆಕ್ಕ ತಪ್ಪು ಮಾಡಿದರೆ ನಾವು ಹಂತ ಹಂತವಾಗಿ ತೋರಿಸಿ ತಿದ್ದುತ್ತೇವೆ. ಇಲ್ಲಿ ಪುರಾವೆ ಕೊಟ್ಟಷ್ಟೂ ಪುರಾವೆಯೇ ಅನುಮಾನಕ್ಕೆ ಗುರಿಯಾಗುತ್ತದೆ. ಆ ವ್ಯಕ್ತಿಯ ತರ್ಕಶಕ್ತಿ ಸತ್ತಿರುವುದಿಲ್ಲ; ಅದೇ ಶಕ್ತಿ ಆ ನಂಬಿಕೆಗೆ ಬೇಲಿ ಕಟ್ಟುತ್ತಿರುತ್ತದೆ.

ಅದಕ್ಕೇ ಬುದ್ಧಿವಂತಿಕೆ ಇದಕ್ಕೆ ತಡೆಗೋಡೆಯಲ್ಲ. ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ ಅವರಿಗೆ 1959ರಲ್ಲಿ, 30ನೇ ವಯಸ್ಸಿನಲ್ಲಿ, ಅನ್ಯಲೋಕದವರು ದಿನಪತ್ರಿಕೆಯ ಮೂಲಕ ತಮಗೆ ಗುಪ್ತ ಸಂದೇಶ ಕಳಿಸುತ್ತಿದ್ದಾರೆಂಬ ನಂಬಿಕೆ ಬಂದಿತ್ತು. ಹಲವಾರು ವರ್ಷ ಆಸ್ಪತ್ರೆಗಳ ಒಳಗೆ, ಹೊರಗೆ ಕಳೆದು, ನಿಧಾನವಾಗಿ ಚೇತರಿಸಿಕೊಂಡರು. 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು.

ರಾಮಾನುಜಂ ಬೊಂಬಾಯಿ ಬಿಟ್ಟು ಮದ್ರಾಸಿಗೆ ಮರಳಿದರು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ ಪ್ರಾಧ್ಯಾಪಕ ಹುದ್ದೆ ಕೊಟ್ಟಿತು. ಅಲ್ಲಿ ಪಾಠ ಮಾಡಿದ್ದು 8 ತಿಂಗಳು ಮಾತ್ರ. ಕಾಯಿಲೆ ಮರುಕಳಿಸಿ, ಚಿಕಿತ್ಸೆಗೆಂದು ಮತ್ತೆ ಮದ್ರಾಸು. 1965ರಲ್ಲಿ ಟಾಟಾ ಸಂಸ್ಥೆ ಅವರನ್ನು ಮತ್ತೆ ಸೇರಿಸಿಕೊಂಡಿತು. ಪ್ಯಾರಿಸ್ ಬಳಿಯ ಸಂಸ್ಥೆಯೊಂದು ಆಹ್ವಾನಿಸಿದಾಗಲೂ ಅರ್ಧದಲ್ಲೇ ಹಿಂದಿರುಗಬೇಕಾಯಿತು. ಮುಂದಿನ ಹತ್ತು ವರ್ಷ ಹೀಗೆಯೇ: ಕೆಲವು ತಿಂಗಳು ಕತ್ತಲು, ಮತ್ತೆ ಕೆಲವು ತಿಂಗಳು ಬೆಳಕು.

ಬೆಳಕಿದ್ದಾಗ ಅವರು ಮಾಡಿದ ಕೆಲಸ ಬೆರಗು ಹುಟ್ಟಿಸುತ್ತದೆ. ರಷ್ಯಾದ ಶಫರೆವಿಚ್ ಬೊಂಬಾಯಿಯಲ್ಲಿ ಕೊಟ್ಟ ಉಪನ್ಯಾಸಗಳನ್ನು ಬರೆದುಕೊಂಡರು. ಬರೆಯುತ್ತಲೇ ಅವುಗಳಲ್ಲಿದ್ದ ಕೊರತೆಗಳನ್ನೂ ಸರಿಪಡಿಸಿದರು. ಅಮೆರಿಕದ ಡೇವಿಡ್ ಮಮ್‌ಫರ್ಡ್ ಅವರ ಉಪನ್ಯಾಸಗಳನ್ನು ಪುಸ್ತಕವಾಗಿ ರೂಪಿಸಲು ದುಡಿದರು. 1970ರಲ್ಲಿ ಬಂದ ಆ ಪುಸ್ತಕವನ್ನು ಇಂದಿಗೂ ಆ ವಿಷಯ ಕಲಿಯುವವರು ಓದುತ್ತಾರೆ. 1970-71ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿದ್ದರು. 1971ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಅವರು ಕಟ್ಟಿ ತೋರಿಸಿದ ಮೇಲ್ಮೈಗೆ ಈಗ ರಾಮಾನುಜಂ ಮೇಲ್ಮೈ ಎಂದೇ ಹೆಸರು. 1973ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಫೆಲೋ ಆದರು. ಮೂಲದಲ್ಲೇ ಓದಬೇಕೆಂದು ಫ್ರೆಂಚ್, ಜರ್ಮನ್, ಇಟಾಲಿಯನ್, ರಷ್ಯನ್ ಕಲಿತಿದ್ದರು. ಯಾರಾದರೂ ಅನುಮಾನ ಹಿಡಿದು ಬಂದರೆ, ಅದು ತನ್ನ ವಿಷಯವಲ್ಲದಿದ್ದರೂ, ಕೂತು ಬಿಡಿಸಿ ಹೇಳುತ್ತಿದ್ದರು.

ಇಷ್ಟಾದರೂ ತಾನು ಸಾಲದೆಂಬ ಭಾವನೆ ಅವರನ್ನು ಬಿಡಲಿಲ್ಲ. ಕೆಲಸ ಬಿಟ್ಟು ಹೋಗುವ ಯೋಚನೆ ಪದೇ ಪದೇ ಬರುತ್ತಿತ್ತು. ಲೋಕವೆಲ್ಲ ಒಪ್ಪಿದರೂ ಅವರ ಮನಸ್ಸು ಒಪ್ಪಲಿಲ್ಲ. ಮೆಚ್ಚುಗೆಯ ಮಾತು ಅವರ ಮೇಲೆ ಕೆಲಸ ಮಾಡಲಿಲ್ಲ, ನನ್ನ ನೀರಿನ ಪರೀಕ್ಷೆ ಅಣ್ಣನ ಮೇಲೆ ಮಾಡದಿದ್ದ ಹಾಗೆ.

ಕೊನೆಯ ವರ್ಷಗಳಲ್ಲಿ, ತಮ್ಮದೇ ಕೋರಿಕೆಯಂತೆ, ಅವರು ಬೆಂಗಳೂರಿನಲ್ಲಿದ್ದರು. ಟಾಟಾ ಸಂಸ್ಥೆ ಅಲ್ಲಿ ಅನ್ವಯಿಕ ಗಣಿತಕ್ಕಾಗಿ ಹೊಸ ಶಾಖೆ ತೆರೆದಿತ್ತು. ಅಲ್ಲಿನ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. 1974ರ ಅಕ್ಟೋಬರ್ 27ರಂದು, ಕಾಯಿಲೆಯ ನಡುವೆ, ತಮ್ಮ ಜೀವವನ್ನು ತಾವೇ ಕಳೆದುಕೊಂಡರು.

ಅದೇ ವರ್ಷದ ಡಿಸೆಂಬರ್ 27ರಂದು, ಅದೇ ಬೆಂಗಳೂರಿನಲ್ಲಿ, ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಹುಟ್ಟಿತು. ಸೈಕೋಸಿಸ್‌ಗೆ ಮೊದಲ ಪರಿಣಾಮಕಾರಿ ಔಷಧವಾದ ಕ್ಲೋರ್‌ಪ್ರೊಮಜೀನ್ 1952ರಿಂದಲೇ ಬಳಕೆಯಲ್ಲಿತ್ತು. ಆದರೆ ಆಗ ಔಷಧಗಳು ಕೆಲವೇ, ಮನೋವೈದ್ಯರೂ ವಿರಳ. ಆಮೇಲೆ ನಿಮ್ಹಾನ್ಸ್‌ನ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಈಗ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೇ ಮನೋವೈದ್ಯಕೀಯ ವಿಭಾಗವಿದೆ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಮನೆಯಲ್ಲಿ ಅಣ್ಣನಿಗೆ ಗಾಳಿ ಸೋಕಿದೆ ಎಂದರು, ತಾಯತ ಕಟ್ಟಿಸಿದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ 11 ತಿಂಗಳು ಕಳೆದಿತ್ತು. ಹಠಾತ್ತನೆ ಇಂಥ ನಂಬಿಕೆ ಬಂದರೆ ಜ್ವರ, ಥೈರಾಯ್ಡ್, ಗಾಂಜಾ, ಬೇರೆ ಔಷಧದ ಪರಿಣಾಮವೂ ಕಾರಣವಾಗಿರಬಹುದು; ಅದಕ್ಕೇ ಮೊದಲು ರಕ್ತಪರೀಕ್ಷೆ ಮಾಡುತ್ತಾರೆಂದು ಅಲ್ಲಿ ತಿಳಿಯಿತು. ಬೇಗ ಚಿಕಿತ್ಸೆ ಸಿಕ್ಕಷ್ಟೂ ಚೇತರಿಕೆ ಚೆನ್ನಾಗಿರುತ್ತದೆ ಎಂಬುದೂ ಅಲ್ಲೇ ತಿಳಿಯಿತು. ಅಣ್ಣ ಈಗ ಮಾತ್ರೆ ತಪ್ಪಿಸದೆ, ಹಿಪ್ಪುನೇರಳೆ ತೋಟ ನೋಡಿಕೊಂಡು ಹುಳು ಸಾಕುತ್ತಿದ್ದಾನೆ. ಆ ಬೋರ್‌ವೆಲ್ ನೀರನ್ನೇ ಕುಡಿಯುತ್ತಾನೆ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ ಇಷ್ಟು ಹೇಳಬಯಸುತ್ತೇನೆ. ನಮ್ಮ ತರಗತಿಯ ಮಗುವಿಗೆ, ಅಥವಾ ಆ ಮಗುವಿನ ಅಣ್ಣನಿಗೋ ಅಮ್ಮನಿಗೋ, ಇಂಥ ನಂಬಿಕೆ ಬಂದದ್ದು ಕಂಡರೆ ವಾದಕ್ಕೆ ಇಳಿಯಬಾರದು, ಹೌದು ಎಂದು ಒಪ್ಪಲೂಬಾರದು. ಭಯವಾಗುತ್ತಿದೆಯೇ, ನಿದ್ದೆ ಬರುತ್ತಿದೆಯೇ ಎಂದು ಕೇಳಬಹುದು. ಮುಖ್ಯ ಶಿಕ್ಷಕರಿಗೂ ಮನೆಯವರಿಗೂ ಗುಟ್ಟಾಗಿ, ಗೌರವದಿಂದ ತಿಳಿಸಿ, ಆಸ್ಪತ್ರೆಯ ದಾರಿ ತೋರಿಸಬೇಕು. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಕರೆದೊಯ್ಯಬೇಕು.

ಆ ದಿನ ಮಕ್ಕಳಿಗೆ ಸಾವಿನ ವಿವರ ಹೇಳಲಿಲ್ಲ. ಕಾಯಿಲೆಯಿಂದ ತೀರಿಕೊಂಡರು ಎಂದೆ, ಅದು ಸುಳ್ಳಲ್ಲ. ಹಿಂದಿನ ಸಾಲಿನ ಹುಡುಗನೊಬ್ಬ, ಅವರು ತಿಕ್ಲಾಗಿದ್ರಾ ಸಾರ್ ಎಂದು ಕೇಳಿದ. ಕೆಲವರು ನಕ್ಕರು. ನಿಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ ಇದೆಯಲ್ಲ, ಹಾಗೆ ಇವರಿಗೆ ಮಿದುಳಿನ ಒಂದು ಕಾಯಿಲೆ ಇತ್ತು ಎಂದೆ. ನಗು ನಿಂತಿತು. ಆಮೇಲೆ ಬೋರ್ಡಿನ ಮೇಲೆ 23 ಬರೆದು, ಎಷ್ಟು ಘನಗಳು ಬೇಕು ನೋಡಿ ಎಂದೆ. ಮೊದಲು ಕೈ ಎತ್ತಿದವನು ಅದೇ ಹುಡುಗ.