ಗಾಮಾ ಪೈಲ್ವಾನ್: ಬಾಲ್ಯದ ಬಸ್ಕಿ, ಪ್ರಾಯದ ಬಲ

ಹಾನಗಲ್ಲಿರಲಿ, ಶಿಗ್ಗಾಂವಿರಲಿ, ಸವಣೂರು, ಹಿರೇಕೆರೂರಿರಲಿ, ನಮ್ಮ ಕಡೆ ಗಟ್ಟಿಮುಟ್ಟಾದ ಹುಡುಗನನ್ನು ಕಂಡರೆ ಹಿರಿಯರು ಪ್ರೀತಿಯಿಂದ ಪೈಲ್ವಾನ ಎಂದು ಕರೆಯುತ್ತಾರೆ. ಆ ಹೆಸರಿಗೆ ನಿಜವಾಗಿ ತಕ್ಕವರಾಗಿ ಬಾಳಿದವರು ಗಾಮಾ ಪೈಲ್ವಾನ್. ಮಗುವಿನ ಕಸುವು ಬೇರೆ, ಪ್ರಾಯದವರ ಬಲ ಬೇರೆ ಎಂಬುದನ್ನು ಅವರ ಬದುಕಿನಿಂದ ಚೆನ್ನಾಗಿ ತಿಳಿಯಬಹುದು.

ಅವರ ಪೂರ್ಣ ಹೆಸರು ಗುಲಾಮ್ ಮುಹಮ್ಮದ್ ಬಕ್ಷ್. 1878ರಲ್ಲಿ ಪಂಜಾಬಿನ ಅಮೃತಸರ ಸೀಮೆಯ ಕುಸ್ತಿ ಮನೆತನವೊಂದರಲ್ಲಿ ಹುಟ್ಟಿದರು. ತಂದೆಯೂ ಪೈಲ್ವಾನರೇ. ಆದರೆ ಗಾಮಾ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯ ತಂದೆ ಮತ್ತು ಇತರ ಬಂಧುಗಳು ಅನಾಥ ಬಾಲಕನನ್ನು ಸಾಕಿ ಗರಡಿಯ ಮಣ್ಣಿಗಿಳಿಸಿದರು.

1888ರಲ್ಲಿ ಜೋಧಪುರದ ಮಹಾರಾಜರು ಬಸ್ಕಿಯ ಸ್ಪರ್ಧೆ ಏರ್ಪಡಿಸಿದರು. 400ಕ್ಕೂ ಹೆಚ್ಚು ಪೈಲ್ವಾನರು ಸೇರಿದ್ದರು. ಒಬ್ಬೊಬ್ಬರಾಗಿ ದಣಿದು ಕುಳಿತರು. ಕೊನೆಗೆ ಉಳಿದ 15 ಮಂದಿಯಲ್ಲಿ 10 ವರ್ಷದ ಗಾಮಾ ಒಬ್ಬರು. ಮಹಾರಾಜರು ಬಾಲಕನನ್ನೇ ವಿಜೇತನೆಂದು ಸಾರಿದರು. ಮುಂದೆ ದತಿಯಾದ ಮಹಾರಾಜರು ಅವರಿಗೆ ಆಶ್ರಯ ಕೊಟ್ಟು ತರಬೇತಿ ಕೊಡಿಸಿದರು.

ಅಷ್ಟು ದೊಡ್ಡವರ ನಡುವೆ ಮಗುವೊಂದು ಉಳಿದದ್ದು ಹೇಗೆ? ಗಾಮಾ ಅವರ ಸಾಧನೆಯಂತೂ ಅಸಾಮಾನ್ಯವೇ. ಆದರೆ ಮಕ್ಕಳ ಶರೀರಧರ್ಮವೂ ಇದಕ್ಕೆ ಅನುಕೂಲವಾಗಿದೆ. ಬಸ್ಕಿಯಲ್ಲಿ ಎತ್ತಬೇಕಾದದ್ದು ಸ್ವಂತ ದೇಹದ ಭಾರವನ್ನು ಮಾತ್ರ, ಮಗುವಿನ ದೇಹ ಹಗುರ. ನಮ್ಮ ಸ್ನಾಯುಗಳಲ್ಲಿ ಎಳೆಗಳ ಗುಂಪುಗಳಿವೆ, ಪ್ರತಿ ಗುಂಪನ್ನೂ ಒಂದೊಂದು ನರಕೋಶ ನಡೆಸುತ್ತದೆ. ಪೂರ್ತಿ ಶಕ್ತಿ ಹಾಕಿದರೂ ಮಕ್ಕಳು ದೊಡ್ಡವರಷ್ಟು ಗುಂಪುಗಳನ್ನು ಒಮ್ಮೆಲೇ ಕೆಲಸಕ್ಕೆ ಎಬ್ಬಿಸಲಾರರು. ಅದರಲ್ಲೂ ಬೇಗ ಬಿಗಿದು ಬೇಗ ಸೋಲುವ ಬಲಿಷ್ಠ ಎಳೆಗಳು ಅವರಲ್ಲಿ ಕಡಿಮೆ ಬಳಕೆಯಾಗುತ್ತವೆ. ಹೀಗಾಗಿ ಮಗುವಿನ ಒಂದೇಟಿನ ಬಲ ಕಡಿಮೆ, ಆದರೆ ದಣಿವು ನಿಧಾನ, ಚೇತರಿಕೆ ಬೇಗ. ಓಣಿಯ ಮಕ್ಕಳು ಸಂಜೆಯವರೆಗೆ ಓಡಿಯೂ ಮತ್ತೆ ಆಟಕ್ಕೆ ಸಿದ್ಧರಾಗುವುದಕ್ಕೆ ಇದೂ ಒಂದು ಕಾರಣ.

ಎದುರಾಳಿಯನ್ನು ಎತ್ತಿ ಒಗೆಯುವ ಬಲಕ್ಕೆ ವರ್ಷಗಳೇ ಬೇಕು. 1895ರಲ್ಲಿ, 17ರ ವಯಸ್ಸಿನಲ್ಲಿ, ಗಾಮಾ ಅಂದಿನ ಹೆಸರಾಂತ ಪೈಲ್ವಾನ ರಹೀಂ ಬಕ್ಷ್ ಸುಲ್ತಾನಿವಾಲಾ ಅವರನ್ನು ಎದುರಿಸಿದರು. ಎತ್ತರದಲ್ಲಿ ಅವರು ಗಾಮಾ ಅವರಿಗಿಂತ ಬಹಳ ಮುಂದು. ಕುಸ್ತಿ ಸಮವಾಯಿತು. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೊ ಜೊತೆ ನಡೆದ ಕುಸ್ತಿ ಎರಡೂವರೆ ಗಂಟೆ ದಾಟಿದರೂ ಮುಗಿಯಲಿಲ್ಲ. ಮರುಸುತ್ತಿಗೆ ಜ್ಬಿಸ್ಕೊ ಬಾರದ್ದರಿಂದ ಜಾನ್ ಬುಲ್ ಪಟ್ಟಿ ಗಾಮಾ ಅವರದಾಯಿತು. ಸ್ವದೇಶಕ್ಕೆ ಮರಳಿದ ಮೇಲೆ ಅಲಹಾಬಾದಿನಲ್ಲಿ ಅದೇ ರಹೀಂ ಬಕ್ಷ್ ಅವರನ್ನು ಗೆದ್ದರು. 1928ರಲ್ಲಿ, 50ರ ಆಸುಪಾಸಿನಲ್ಲಿ, ಪಟಿಯಾಲದಲ್ಲಿ ಜ್ಬಿಸ್ಕೊ ಅವರನ್ನು ಒಂದು ನಿಮಿಷದೊಳಗೆ ಕೆಡವಿದರು. ದೇಶವಿಭಜನೆಯ ನಂತರ ಲಾಹೋರಿನಲ್ಲಿ ನೆಲೆಸಿ, 1960ರಲ್ಲಿ ಅಲ್ಲೇ ನಿಧನರಾದರು.

ಬಾಲಕ ಗಾಮಾ ಬಸ್ಕಿಯಲ್ಲಿ ಮೆರೆದದ್ದಕ್ಕೂ, ಪ್ರಾಯದ ಗಾಮಾ ರಹೀಂ ಬಕ್ಷ್ ಅವರನ್ನು ಗೆದ್ದದ್ದಕ್ಕೂ ನಡುವೆ 20ಕ್ಕೂ ಹೆಚ್ಚು ವರ್ಷಗಳ ಸಾಮು ಇದೆ. ಎಳೆಯ ವಯಸ್ಸಿನಲ್ಲಿ ಸಾಮು ಮಾಡಿದರೆ ಮೊದಲು ಪಳಗುವುದು ನರಗಳು. ಸ್ನಾಯು ದಪ್ಪಗಾಗುವುದು ಹೆಚ್ಚಾಗಿ ಪ್ರಾಯಕ್ಕೆ ಬಂದ ಮೇಲೆ, ಹಾರ್ಮೋನುಗಳ ನೆರವಿನಿಂದ.

ವಿದ್ಯಾರ್ಥಿ ಮಿತ್ರರೇ, ನಾವೀಗ 16-18ರ ಹೊಸ್ತಿಲಲ್ಲಿದ್ದೇವೆ. ಅಣ್ಣ ಎತ್ತಿದ ಚೀಲವನ್ನು, ಜಾತ್ರೆಯ ಗುಂಡುಕಲ್ಲನ್ನು ಇಂದೇ ಎತ್ತಿ ತೋರಿಸಬೇಕೆಂಬ ಹಟ ಬೇಡ. ಎರಡು ತಿಂಗಳಲ್ಲಿ ಮೈಕಟ್ಟು ಬರಲಿಲ್ಲವೆಂದು ಪುಡಿ, ಸೂಜಿಗಳ ಬೆನ್ನು ಹತ್ತುವುದಂತೂ ಬೇಡವೇ ಬೇಡ. ತಿಳಿದ ವಸ್ತಾದರ ಕಣ್ಣೆದುರು ದಿನವೂ ಸಾಮು ಮಾಡೋಣ, ಹೊತ್ತಿಗೆ ಉಣ್ಣೋಣ, ಚೆನ್ನಾಗಿ ನಿದ್ದೆ ಮಾಡೋಣ. ಮನೆಯಲ್ಲಿ ತಮ್ಮ ತಂಗಿಯರಿದ್ದರೆ ಅವರನ್ನು ನಮ್ಮ ಬಲದಿಂದ ಅಳೆಯದೆ ಆಡಲು ಬಿಡೋಣ. ಬಲ ತನ್ನ ಹೊತ್ತಿಗೆ ತಾನೇ ಬರುತ್ತದೆ.