ಕೈಕಸುಬಿಗೆ ಹೆಸರು ಹಚ್ಚಿದ ಕಮಲಾದೇವಿ

ಕಮಲಾದೇವಿ ಚಟ್ಟೋಪಾಧ್ಯಾಯ ಅಂತ ಹೆಸರು ಕೇಳಿದ ಕೂಡಲೇ ನಮ್ಮಲ್ಲಿ ಬಹಳ ಮಂದಿ ಬಂಗಾಳದ ಕಡೆಯವರು ಅಂದ್ಕೋತಾರ. ಅದು ಗಂಡನ ಮನೆಯ ಹೆಸರು. ಅವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ನಮ್ಮ ಮಂಗಳೂರಿನ ಒಂದು ಸಾರಸ್ವತ ಮನೆತನದಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರ್ತಿ ಅಂತ ಅವರ ಬಗ್ಗೆ ಒಂದು ಸಾಲು ಸಿಗ್ತದ. ಆದರೆ ಒಂದು ಕಡೆ ಕಿನ್ನಾಳದ ಗೊಂಬೆ, ಇನ್ನೊಂದು ಕಡೆ ಇಳಕಲ್ ಸೀರೆ ಇಟ್ಕೊಂಡು ಬೆಳೆದ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ನಮಗೆ ಬೇಕಾದದ್ದು ಆ ಸಾಲಿನಾಚೆ ಇರುವ ಕಮಲಾದೇವಿ.

ತಂದೆ ಅನಂತಯ್ಯ ಧಾರೇಶ್ವರ ಕಲೆಕ್ಟರ್ ಆಗಿದ್ದವರು. ತಾಯಿ ಗಿರಿಜಾಬಾಯಿ ಓದಿದ ಹೆಣ್ಣುಮಗಳು. ಮನೆಗೆ ರಾನಡೆ, ಗೋಖಲೆ, ಆನಿ ಬೆಸೆಂಟ್ ಅಂಥವರ ಒಡನಾಟವಿತ್ತು. ಕಮಲಾದೇವಿಗೆ ಏಳು ವರ್ಷ ಇದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮಲಸಹೋದರನ ಪಾಲಾಯಿತು. ಹೆಂಡತಿಗೂ ಹೆಣ್ಣುಮಕ್ಕಳಿಗೂ ತಿಂಗಳ ಜೀವನಾಂಶ ಮಾತ್ರ. ಗಿರಿಜಾಬಾಯಿ ಆ ಜೀವನಾಂಶವನ್ನೇ ಬೇಡ ಅಂದುಬಿಟ್ಟರು. ತವರಿನಿಂದ ತಂದಿದ್ದರಲ್ಲೇ ಮಕ್ಕಳನ್ನು ಸಾಕಿದರು. ದುಡಿದ ಮನೆಯಲ್ಲಿ ಹಕ್ಕಿಲ್ಲದಿರುವುದು ಅಂದರೇನು ಅನ್ನೋದನ್ನ ಕಮಲಾದೇವಿ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

14ನೇ ವಯಸ್ಸಿಗೆ ಮದುವೆ, ಎರಡೇ ವರ್ಷಕ್ಕೆ ವೈಧವ್ಯ. ಆ ಕಾಲದಲ್ಲಿ ಅಲ್ಲಿಗೆ ಕಥೆ ಮುಗಿದಂಗ. ಇವರು ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜು ಸೇರಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಜೊತೆ ಓದುತ್ತಿದ್ದರು. ಆಕೆಯ ಮೂಲಕ ಕವಿ, ನಟ ಹರೀಂದ್ರನಾಥರ ಪರಿಚಯವಾಯಿತು, 20ನೇ ವಯಸ್ಸಿನಲ್ಲಿ ಅವರನ್ನು ಮದುವೆಯಾದರು. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯವರ ಜೊತೆ. ಊರಲ್ಲಿ ಎಷ್ಟು ಮಾತು ಎದ್ದಿರಬೇಕು ನೀವೇ ಊಹಿಸಿ. ಇಬ್ಬರೂ ಸೇರಿ ನಾಟಕ ಆಡಿದರು. ಮೋಹನ್ ಭವನಾನಿ ನಿರ್ದೇಶಿಸಿದ, ಮೃಚ್ಛಕಟಿಕ ಆಧರಿಸಿದ ಮೂಕಿ ಚಿತ್ರದಲ್ಲಿ ಕಮಲಾದೇವಿ ನಟಿಸಿದರು. ಮಾನವಂತರ ಮನೆಯ ಹೆಣ್ಣುಮಕ್ಕಳು ಸಿನಿಮಾದ ಕಡೆ ತಲೆಹಾಕದ ಕಾಲ ಅದು. ಮುಂದೆ ಈ ಮದುವೆಯೂ ಉಳಿಯಲಿಲ್ಲ, ಕೋರ್ಟಿನ ಮೂಲಕ ಬೇರೆಯಾದರು.

ರಾಜಕೀಯದ ಭಾಗವನ್ನ ಬೇಗ ಹೇಳಿ ಮುಗಿಸ್ತೀನಿ. ಲಂಡನ್ನಿನಲ್ಲಿ ಸಮಾಜಶಾಸ್ತ್ರ ಓದುತ್ತಿದ್ದವರು ಗಾಂಧಿಯ ಚಳವಳಿಯ ಸುದ್ದಿ ಕೇಳಿ ವಾಪಸ್ ಬಂದು ಸೇವಾದಳ ಸೇರಿದರು. ಅದನ್ನು ಕಟ್ಟಿದವರು ನಮ್ಮ ಹುಬ್ಬಳ್ಳಿಯ ನಾ.ಸು. ಹರ್ಡೀಕರ್. 1926ರಲ್ಲಿ ಮದ್ರಾಸ್ ಪ್ರಾಂತ್ಯದ ಶಾಸನಸಭೆಗೆ ನಿಂತು, ಪ್ರಚಾರಕ್ಕೆ ಕೆಲವೇ ದಿನ ಸಿಕ್ಕರೂ, ಕೇವಲ 55 ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರನ್ನು ಹೊರಗಿಡಬಾರದು ಅಂತ ಗಾಂಧಿಯ ಜೊತೆಗೇ ವಾದ ಮಾಡಿ ಗೆದ್ದರು. ಮುಂಬಯಿಯ ಷೇರುಪೇಟೆಗೆ ನುಗ್ಗಿ ಕಾನೂನು ಮುರಿದ ಉಪ್ಪಿನ ಪೊಟ್ಟಣ ಮಾರಿ ಜೈಲಿಗೆ ಹೋದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿದ್ದಾಗ, ದಕ್ಷಿಣದ ರೈಲಿನಲ್ಲಿ ಬಿಳಿಯರ ಬೋಗಿಯಿಂದ ಏಳು ಅಂದಾಗ ಏಳಲಿಲ್ಲ. ಭಾರತದವಳು ಅಂತ ಗೊತ್ತಾದ ಮೇಲೆ ರಿಯಾಯಿತಿ ಸಿಗೋ ಹಂಗಿತ್ತು. ಅದನ್ನೂ ಒಪ್ಪದೆ ತಾನೂ ಕಪ್ಪು ಜನರ ಪೈಕಿಯೇ ಅಂತ ಹೇಳಿ ಕೂತರು.

ಸ್ವಾತಂತ್ರ್ಯ ಬಂದ ಮೇಲೆ ಜೊತೆಗಿದ್ದವರು ಮಂತ್ರಿಯಾದರು, ರಾಯಭಾರಿಯಾದರು. ಇವರು ನಿರಾಶ್ರಿತರ ಶಿಬಿರಕ್ಕೆ ಹೋದರು. ದೇಶವಿಭಜನೆಯಲ್ಲಿ ವಾಯವ್ಯ ಗಡಿನಾಡಿನಿಂದ ಉಟ್ಟ ಬಟ್ಟೆಯಲ್ಲಿ ಬಂದ ಸಾವಿರಾರು ಮಂದಿಗೆ ದೆಹಲಿ ಹತ್ತಿರ ಫರೀದಾಬಾದ್‌ನಲ್ಲಿ ಊರು ಕಟ್ಟಬೇಕಿತ್ತು. 1948ರಲ್ಲಿ ಶುರು ಮಾಡಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಮೂಲಕ ಕಮಲಾದೇವಿ ಮತ್ತು ಎಲ್.ಸಿ. ಜೈನ್ ಅವರಂಥ ಹುಡುಗರು ಕೆಲಸಕ್ಕೆ ಇಳಿದರು. ಗುತ್ತಿಗೆದಾರರನ್ನು ಕರೆಸಿ ಮನೆ ಕಟ್ಟಿಸಿ ಕೊಡುವ ಬದಲು ನಿರಾಶ್ರಿತರೇ ಸಹಕಾರಿ ಗುಂಪು ಮಾಡಿಕೊಂಡು, ಕೆಲಸ ಕಲಿತು, ಕೂಲಿ ತಗೊಂಡು ತಮ್ಮ ಮನೆ ತಾವೇ ಕಟ್ಟಿದರು. ಸಿವಿಲ್ ಬ್ರಾಂಚಿನವರು ಈ ಊರಿನ ಕಥೆ ಹುಡುಕಿ ಓದಬೇಕು.

ಈ ಶಿಬಿರಗಳಲ್ಲೇ ಅವರಿಗೆ ಇನ್ನೊಂದು ವಿಷಯ ಎದುರಾಯಿತು. ಮನೆ, ಹೊಲ, ಅಂಗಡಿ ಎಲ್ಲ ಕಳಕೊಂಡು ಬಂದವರ ಹತ್ತಿರ ಉಳಿದಿದ್ದು ಕೈಯಲ್ಲಿನ ಕೆಲಸ ಒಂದೇ. ಆದರೆ ಆ ಕೆಲಸ ಕೊಳ್ಳುವವರು ಯಾರು, ಅವರನ್ನು ಮುಟ್ಟೋದು ಹೆಂಗ? ನಡುವೆ ದಲ್ಲಾಳಿ ಇದ್ದ. ಮುಂಗಡ ಕೊಟ್ಟು ಕಚ್ಚಾ ಮಾಲು ಕೊಡುವವನೂ ಅವನೇ, ಮಾಲು ಎತ್ತಿಕೊಂಡು ಹೋಗುವವನೂ ಅವನೇ, ಬೆಲೆ ಹೇಳುವವನೂ ಅವನೇ. ಮಾಡಿದವನಿಗೆ ತನ್ನ ಸಾಮಾನು ಯಾವ ಊರಿನ ಯಾವ ಅಂಗಡಿಯಲ್ಲಿ ಎಷ್ಟಕ್ಕೆ ಮಾರಾಟವಾಯಿತು ಅಂತ ಗೊತ್ತಾಗ್ತಿರಲಿಲ್ಲ. ಕೊಂಡವನಿಗೆ ಮಾಡಿದವನ ಹೆಸರು ಗೊತ್ತಾಗ್ತಿರಲಿಲ್ಲ.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಶುರುವಾದಾಗ ಕಮಲಾದೇವಿ ಅದರ ಮುಖ್ಯಸ್ಥರಾದರು, ಮುಂದೆ ಸುಮಾರು ಎರಡು ದಶಕ ಅದನ್ನು ನಡೆಸಿದರು. ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಕೂಡ ಅವರ ಸಹಕಾರಿ ಯೂನಿಯನ್ನಿನ ಕೈಗೆ ಬಂತು. ಆಫೀಸಿನಲ್ಲಿ ಕೂತು ಮಾಡುವ ಕೆಲಸ ಅಲ್ಲ ಇದು. ಇಂಟರ್ನೆಟ್ ಇಲ್ಲ, ಹಳ್ಳಿಗೆ ಫೋನಿಲ್ಲ, ಯಾವ ಕಸುಬು ಯಾವ ಓಣಿಯಲ್ಲಿ ಉಸಿರು ಹಿಡಿದಿದೆ ಅಂತ ಒಂದು ಪಟ್ಟಿಯೂ ಇಲ್ಲ. ರೈಲು, ಬಸ್ಸು, ಎತ್ತಿನಗಾಡಿ ಹತ್ತಿ ಹುಡುಕಬೇಕು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಬಲ್ಲವರು ಬೆರಳೆಣಿಕೆಯಷ್ಟು ಮುದುಕರು ಉಳಿದಿದ್ದಾಗ, 1957ರ ಸುಮಾರಿಗೆ ಮಂಡಳಿ ಅಲ್ಲೊಂದು ತರಬೇತಿ ಕೇಂದ್ರ ತೆರೆದು ಹುಡುಗರನ್ನು ಅವರ ಕೈಕೆಳಗೆ ಕೂರಿಸಿತು. ಜೈಪುರದ ನೀಲಿ ಮಣ್ಣಿನ ಪಾತ್ರೆಗಳ ಕಸುಬು ನಿಂತೇ ಹೋಗುವುದರಲ್ಲಿತ್ತು. ಕೃಪಾಲ್ ಸಿಂಗ್ ಶೇಖಾವತ್ ಎಂಬ ಕಲಾವಿದರು ಅದನ್ನು ಮತ್ತೆ ಎಬ್ಬಿಸಿದ್ದರ ಹಿಂದೆ ಕಮಲಾದೇವಿಯ ಬೆಂಬಲವಿತ್ತು. ದೆಹಲಿ, ಮುಂಬಯಿ, ಕಲ್ಕತ್ತಾ, ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರಗಳು ಬಂದವು.

ಇವೆಲ್ಲದರಲ್ಲಿ ನನಗೆ ಬಹಳ ದೊಡ್ಡದು ಅನ್ನಿಸೋದು 1965ರಲ್ಲಿ ಶುರುವಾದ ಕುಶಲಕರ್ಮಿಗಳ ರಾಷ್ಟ್ರಪ್ರಶಸ್ತಿ. ಅಲ್ಲಿಯವರೆಗೆ ನಮ್ಮ ದೇಶದಲ್ಲಿ ಕಸುಬಿಗೆ ಊರಿನ ಹೆಸರಿತ್ತು, ಜಾತಿಯ ಹೆಸರಿತ್ತು, ಮನುಷ್ಯನ ಹೆಸರಿರಲಿಲ್ಲ. ಚಿತ್ರ ಬರೆದವನು ಕೆಳಗೆ ಸಹಿ ಮಾಡ್ತಾನ, ಪುಸ್ತಕ ಬರೆದವನ ಹೆಸರು ಮುಖಪುಟದ ಮೇಲೆ ಇರ್ತದ. ಸೀರೆ ನೇಯ್ದವನ, ಗೊಂಬೆ ಮಾಡಿದವನ ಹೆಸರು ಎಲ್ಲೂ ಇಲ್ಲ. ಈ ಪ್ರಶಸ್ತಿ ಬಂದ ಮೇಲೆ ಒಬ್ಬ ಕುಂಬಾರ, ಒಬ್ಬ ನೇಕಾರ ತನ್ನ ಸ್ವಂತ ಹೆಸರಿನಿಂದ ಸರ್ಕಾರದ ಕಾಗದದಲ್ಲಿ ಬಂದ.

ಇದನ್ನ ನಮ್ಮ ಊರಿಗೆ ಹಚ್ಚಿ ನೋಡ್ರಿ. ಕೊಪ್ಪಳದಿಂದ 12–13 ಕಿ.ಮೀ. ದೂರದ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳಿವೆ. ಗೋಣಿನಾರು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡಿ, ಅದಕ್ಕೆ ಕಟ್ಟಿಗೆ ಪುಡಿ, ಹುಣಸೆ ಬೀಜದ ಅಂಟು ಕಲಿಸಿದರೆ ಅದು ಕಿಟ್ಟ. ಹಗುರ ಕಟ್ಟಿಗೆಯ ಭಾಗಗಳನ್ನು ಜೋಡಿಸಿ ಮೈತುಂಬ ಕಿಟ್ಟ ಬಳಿದು, ಮೇಲೆ ಅರಿವೆ ಚೂರು ಅಂಟಿಸಿ, ಅದರ ಮೇಲೆ ನುಣ್ಣಗೆ ಕಲ್ಲುಪುಡಿಯ ಲೇಪ ಕೊಟ್ಟ ಮೇಲೆ ಬಣ್ಣ. ನಮ್ಮ ಪಠ್ಯದಲ್ಲಿ ಕಾಂಪೊಸಿಟ್ ಮಟೀರಿಯಲ್ ಅಂತ ಓದುವುದು ಇದನ್ನೇ: ನಾರು, ತುಂಬುಪುಡಿ, ಹಿಡಿದಿಡುವ ಅಂಟು. ಗರುಡನ ಒಡವೆ ಮಿಂಚೋದು ತವರದ ತೆಳು ಹಾಳೆಯ ಲಾಜವಾರ ಕೆಲಸದಿಂದ. ಇಷ್ಟು ಗೊತ್ತಿದ್ದೂ, ನಮ್ಮ ಮನೆಯ ಕಾಮಧೇನು ಯಾರ ಕೈಯಲ್ಲಿ ತಯಾರಾಯಿತು ಅಂದ್ರ ನಮ್ಮಲ್ಲಿ ಎಷ್ಟು ಜನ ಹೇಳ್ತೀವಿ?

ಇನ್ನು ಕಸೂತಿ. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಮೇಲೆ ಕಾಣ್ತದ, ವಾಪಸ್ ಬರುವಾಗ ಬಿಟ್ಟ ಗೆರೆ ತುಂಬ್ತದ. ಗಂಟು ಹಾಕೋ ಹಂಗಿಲ್ಲ, ಅರಿವೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಮೇಲೆ ಗೆರೆ ಎಳೆದು ಮಾಡುವ ಕೆಲಸ ಅಲ್ಲ, ಎಳೆ ಎಣಿಸಿ ಮಾಡುವುದು. ಗ್ರಾಫ್ ಥಿಯರಿ ಓದಿದವರಿಗೆ ಇದು ಆಯ್ಲರನ ಲೆಕ್ಕ: ಪ್ರತಿ ಗೆರೆಯಲ್ಲಿ ಎರಡು ಸಲ ಹಾದರೆ ಪ್ರತಿ ಬಿಂದುವಿನ ಡಿಗ್ರಿ ಸಮಸಂಖ್ಯೆ ಆಗ್ತದ, ಹೊರಟ ಜಾಗಕ್ಕೆ ಮರಳಲು ದಾರಿ ಇದ್ದೇ ಇರ್ತದ. ಗೋಪುರ, ತೇರು, ತುಳಸಿಕಟ್ಟೆಯ ಒಂದು ಹೊಸ ಚಿತ್ತಾರವನ್ನು ಮೊದಲ ಸಲ ಕೂಡಿಸಿದ ಅಜ್ಜಿ ಮಾಡಿದ್ದು ಅಲ್ಗಾರಿದಮ್ ಬರೆಯುವ ಕೆಲಸವನ್ನೇ. ಆಕೆಯ ಹೆಸರು ಯಾವ ಸೆರಗಿನ ಮೇಲೂ ಇಲ್ಲ. 1977ರಲ್ಲಿ ಕಮಲಾದೇವಿ ಭಾರತದ ಕಸೂತಿಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಗಂಡಸರು ಆರ್ಥಿಕತೆ ಅಂತ ಲೆಕ್ಕಕ್ಕೆ ಹಿಡಿಯದ ಕೆಲಸದ ಬಗ್ಗೆ ಅಂಥ ಪುಸ್ತಕ ಬೇಕಿತ್ತು.

ಇಂಜಿನಿಯರಿಂಗ್ ಓದುವ ನಮಗೆ ಅವರ ಜೊತೆ ಒಂದು ಜಗಳ ಇರಬಹುದು. ಕಾರ್ಖಾನೆಯ ರಾಶಿ ಉತ್ಪಾದನೆ ಬಂದರೆ ಕೈಕೆಲಸದವರು, ಅದರಲ್ಲೂ ಹೆಣ್ಣುಮಕ್ಕಳು, ಬೀದಿಗೆ ಬೀಳ್ತಾರೆ ಅನ್ನೋ ಆತಂಕ ಅವರಿಗಿತ್ತು. ದೊಡ್ಡ ಅಣೆಕಟ್ಟು, ದೊಡ್ಡ ಕಾರ್ಖಾನೆಯ ಕನಸಿನ ಕಾಲದಲ್ಲಿ ಇದು ಹಿಂದಕ್ಕೆ ಎಳೆಯುವ ಮಾತಿನಂತೆ ಕೇಳಿಸಿತು. ತುಂಗಭದ್ರಾ ನೀರು ಕುಡಿದು ಬೆಳೆದ ನಾವು ಅಣೆಕಟ್ಟು ಬೇಡವಿತ್ತು ಅನ್ನೋಕೆ ಆಗಲ್ಲ. ಆದರೆ ಇಳಕಲ್ ಸೀರೆಯನ್ನೇ ತಗೊಳ್ಳಿ. ಕುಷ್ಟಗಿಯಿಂದ ಅರ್ಧ ತಾಸಿನ ದಾರಿ ಇಳಕಲ್. ಕುಷ್ಟಗಿ ತಾಲೂಕಿನ ದೋಟಿಹಾಳದಲ್ಲೂ, ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲೂ ಮಗ್ಗದ ಸದ್ದಿದೆ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ತೋಪ್ ತೆನಿ ಸೆರಗು ಅದರ ಗುರುತು. ಪವರ್‌ಲೂಮಿನಲ್ಲಿ ಅದೇ ನಮೂನೆಯ ಸೀರೆ ಬಂದು, ಅದೇ ಹೆಸರಿನಲ್ಲಿ, ಕಾಲು ಬೆಲೆಗೆ ಮಾರಾಟವಾದರೆ ಸೋತದ್ದು ಕೈಯೂ ಅಲ್ಲ, ಗೆದ್ದದ್ದು ಯಂತ್ರವೂ ಅಲ್ಲ. ಒಬ್ಬರ ವಿನ್ಯಾಸ ಇನ್ನೊಬ್ಬರ ಜೇಬಿಗೆ ಹೋಯಿತು, ಅಷ್ಟೇ. ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ 1985ರಲ್ಲಿ ಬಂತು, ಕಮಲಾದೇವಿ ಇದ್ದಾಗಲೇ.

ನೂಲಿನ ಕೆಲಸದಲ್ಲಿ ಈ ಪ್ರಶ್ನೆ ಈಗ ಹಾಸ್ಟೆಲ್ ರೂಮಿಗೇ ಬಂದದ. ಕ್ರೋಷಾ ಹೂವು, ಉಲ್ಲನ್ ಕೀಚೈನು, ಸ್ವೆಟರ್ ಹೆಣಿಗೆ ಕಲಿಯುವವರು ಹೆಚ್ಚಾಗಿದ್ದಾರೆ. ಎಷ್ಟು ಕೊಂಡಿ, ಯಾವ ಸಾಲಿನಲ್ಲಿ ಎಷ್ಟು ಕಡಿಮೆ ಮಾಡಬೇಕು ಅಂತ ಲೆಕ್ಕ ಹಾಕಿ, ನಾಲ್ಕು ಸಲ ಬಿಚ್ಚಿ ಹೆಣೆದು, ಬರೆದು ಪಿಡಿಎಫ್ ಮಾಡಿ ನೂರಿನ್ನೂರು ರೂಪಾಯಿಗೆ ಮಾರುವ ಹೆಣ್ಣುಮಕ್ಕಳು ಆನ್‌ಲೈನಿನಲ್ಲಿ ಇದ್ದಾರೆ. ಒಬ್ಬರು ಕೊಳ್ತಾರ, ನಲವತ್ತು ಜನರ ಗ್ರೂಪಿಗೆ ಫಾರ್ವರ್ಡ್ ಆಗ್ತದ. ಹಳೆಯ ದಲ್ಲಾಳಿ ಮುಂಗಡವಾದರೂ ಕೊಡ್ತಿದ್ದ.

ಕಮಲಾದೇವಿಯ ಕೆಲಸ ದೇಶದ ಗಡಿಯಲ್ಲೇ ನಿಲ್ಲಲಿಲ್ಲ. 1964ರಲ್ಲಿ ನ್ಯೂಯಾರ್ಕಿನಲ್ಲಿ ವಿಶ್ವ ಕರಕುಶಲ ಪರಿಷತ್ತು ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಭಾರತದ ಕ್ರಾಫ್ಟ್ಸ್ ಕೌನ್ಸಿಲ್ ಕೂಡ ಅದೇ ವರ್ಷದ್ದು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ, 1987ರಲ್ಲಿ ಪದ್ಮವಿಭೂಷಣ ಬಂದವು. 80 ದಾಟಿದ ಮೇಲೆ, 1986ರಲ್ಲಿ, ಆತ್ಮಕಥೆ ಪ್ರಕಟಿಸಿದರು. ಕೈಮಗ್ಗದ ಸೀರೆ ಉಟ್ಟು, ತುರುಬಿಗೆ ಹೂ ಮುಡಿದ ಫೋಟೋಗಳೇ ಹೆಚ್ಚು ಸಿಗ್ತಾವ. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು.

ಅವರು ಹೋದ ಮೇಲೆ ಕಾನೂನು ಸ್ವಲ್ಪ ಮುಂದೆ ಬಂದದ, ಪೂರ್ತಿ ಬಂದಿಲ್ಲ. ಕಿನ್ನಾಳದ ಗೊಂಬೆಗೂ ಇಳಕಲ್ ಸೀರೆಗೂ ಕಸೂತಿಗೂ ಭೌಗೋಳಿಕ ಸೂಚಕ, ಅಂದರೆ ಜಿಐ ಸಿಕ್ಕಿದೆ. ಅದು ಊರಿನ ಹೆಸರನ್ನು ಕಾಯುತ್ತದೆ; ಒಬ್ಬ ಚಿತ್ರಗಾರ ಹೊಸದಾಗಿ ಕಂಡುಹಿಡಿದ ಆಕಾರವನ್ನು ಕಾಯುವುದಿಲ್ಲ. ಅದಕ್ಕೆ 2000ದ ವಿನ್ಯಾಸ ಕಾಯ್ದೆಯಲ್ಲಿ ನೋಂದಾಯಿಸಬೇಕು: ಮೊದಲು 10 ವರ್ಷ, ಆಮೇಲೆ ಇನ್ನೂ 5. ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಲ್ಲಿ 50ಕ್ಕಿಂತ ಹೆಚ್ಚು ಸಲ ತಯಾರಿಸಿದರೆ ಅದರ ಮೇಲಿನ ಕಾಪಿರೈಟೂ ಹೋಗ್ತದ ಅಂತ ಕಾಪಿರೈಟ್ ಕಾಯ್ದೆಯ 15ನೇ ಕಲಮು ಹೇಳುತ್ತದೆ. ನಮ್ಮ ಐಪಿಆರ್ ಪಠ್ಯ ಓದುವಾಗ ಪೇಟೆಂಟಿನ ಉದಾಹರಣೆಗೆ ಮೊಬೈಲ್ ಕಂಪನಿಗಳೇ ಬರ್ತಾವ. ಆನೆಗೊಂದಿಯಲ್ಲಿ ಬಾಳೆನಾರಿನ ಹುರಿ ಹೊಸೆದು ಚೀಲ ಮಾಡುವ ಹೆಣ್ಣುಮಕ್ಕಳಿಗಾಗಲಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಕೌದಿ ಹೊಲಿಯುವ ಅಜ್ಜಿಯರಿಗಾಗಲಿ ಆ ನೋಂದಣಿ ಫಾರಂ ತುಂಬಿಕೊಡಲು ಇಂಗ್ಲಿಷ್, ಚಿತ್ರದ ಸ್ಪಷ್ಟ ಫೋಟೋ, ಒಂದು ಲ್ಯಾಪ್‌ಟಾಪು ಬೇಕು. ಮೂರೂ ನಮ್ಮ ಹತ್ತಿರ ಅವ. ಕಿನ್ನಾಳಕ್ಕೆ ಕೊಪ್ಪಳದಿಂದ ಬಸ್ಸಿದೆ.